ಗಿಟಾರು ಮತ್ತು ಅತ್ತೆಯ ಕುಟ್ಟಾಣಿ

ನಮ್ಮ ಮನೆಗೆ ಬಂದ ಗಿಟಾರು ಮನೆಯಲ್ಲೇ ಉಳಿದದ್ದು ನಮ್ಮತ್ತೆಯ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ ಎಂಬ ಕಾರಣಕ್ಕೆ. ಯಾರು ಏನೇ ಹೇಳಲಿ, ನಡೆದದ್ದು ಇಷ್ಟೇ.

ಹೇಳುವವರು ಬೇರೆ ಬೇರೆ ಹೇಳುತ್ತಾರೆ. ನಮ್ಮ ಮನೆಯವರನ್ನು ಕೇಳಿದರೆ ಕಣ್ಣು ಅರ್ಧ ಮುಚ್ಚಿ "ಎಲ್ಲಾ ಶಿವನ ಆಟ" ಎನ್ನುತ್ತಾರೆ. ದೇವದುರ್ಗದಲ್ಲಿ ಎತ್ತಿನ ದಲ್ಲಾಳಿಯಾಗಿರುವ ನಮ್ಮಣ್ಣ ಅದು ತನ್ನ ದಲ್ಲಾಳಿ ಬುದ್ಧಿ ಎನ್ನುತ್ತಾನೆ. ಹಳೆ ಸಾಮಾನಿನ ಅಂಗಡಿಯ ಖಾದರ ಸಾಬರು ಅದು ತಮ್ಮ ಅಂಗಡಿಯ ಬರಕತ್ತು ಎನ್ನುತ್ತಾರೆ. ಮೂವರೂ ಗಂಡಸರು. ಹಲ್ಲಿಲ್ಲದ ಮುದುಕಿಗೆ ಹೆಸರು ಬಿಟ್ಟುಕೊಡಲು ಮೂವರಿಗೂ ಮನಸ್ಸಿಲ್ಲ.

ಈಗ ಇದೆಲ್ಲ ನೆನಪಾಗಲು ಕಾರಣ ನಮ್ಮ ಮೊಮ್ಮಗಳು. ಮೊನ್ನೆ ಹುಣಸೆಹಣ್ಣು ಹುಡುಕುತ್ತ ಅಡುಗೆಮನೆಯ ಗೂಡಿಗೆ ಕೈಹಾಕಿ, ಮುಷ್ಟಿಯಷ್ಟು ದೊಡ್ಡ ಕಬ್ಬಿಣದ ಬಟ್ಟಲೊಂದನ್ನು ಹೊರಗೆಳೆದಳು.

"ಆಯೀ, ಇದರಾಗ ಏನ್ ಕುಡೀತಿದ್ರಿ?"

ಅದು ಕುಡಿಯುವ ಬಟ್ಟಲಲ್ಲ, ಕುಟ್ಟಾಣಿ. ಹಲ್ಲು ಉದುರಿದವರು ಎಲೆ, ಅಡಿಕೆ, ಸುಣ್ಣ ಅದರೊಳಗೆ ಹಾಕಿ, ಗೇಣಿಗಿಂತ ಗಿಡ್ಡನೆಯ ಕಬ್ಬಿಣದ ಸಲಾಕೆಯಿಂದ ಕುಟ್ಟಿ, ಮೆತ್ತಗಾದ ಮೇಲೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಹುಡುಗಿಗೆ ಇಷ್ಟು ಹೇಳಿದೆ.

"ಮತ್ತ ಸಲಾಕಿ ಎಲ್ಲದ?"

"ನಿಮ್ಮ ಮುತ್ಯಾನ ಗಿಟಾರಿನ ಸಂಗಾಟ ಅದ."

ಆಯಿಗೆ ವಯಸ್ಸಾಯಿತು ಎಂಬಂತೆ ನನ್ನ ಮುಖ ನೋಡಿ, ಬಟ್ಟಲನ್ನು ಅಲ್ಲೇ ಇಟ್ಟು ಟಿವಿ ಮುಂದೆ ಕೂತಳು. ಟಿವಿ ಬಂದ ಮೇಲೆ ಮನೆಯಲ್ಲಿ ಅರ್ಧ ಮಾತು ಕೇಳುವವರೇ ಎಲ್ಲ. ನೀವಾದರೂ ಪೂರ್ತಿ ಕೇಳಿರಿ.

ನಮ್ಮ ಮನೆಯವರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ, ನಮ್ಮಲ್ಲಿ ಹಾಗೆ ರೂಢಿ. ರಾಯಚೂರಿನ ನಮ್ಮ ಓಣಿಯಲ್ಲಿ ಎಲ್ಲರೂ ಅವರನ್ನು ಪೇಟಿ ಮಾಸ್ತರ ಎಂದು ಕರೆಯುತ್ತಿದ್ದರು. ಮಾಸ್ತರರೇನೂ ಅಲ್ಲ, ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೂಲಿ ಕೆಲಸ. ಆದರೆ ಸೋಮವಾರ ಸಂಜೆ ಬಸವಣ್ಣನ ಗುಡಿಯಲ್ಲಿ ಭಜನೆಗೆ ಪೇಟಿ ಬಾರಿಸುವವರು ಅವರೇ. ಪೇಟಿ ಎಂದರೆ ಹಾರ್ಮೋನಿಯಂ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವರು ನನಗೆ ಮೊದಲು ತೋರಿಸಿದ್ದು ಆ ಪೇಟಿಯನ್ನು. ಅಡುಗೆಮನೆ ಆಮೇಲೆ ತೋರಿಸಿದರು. ಈ ಗಂಡನ ಲೆಕ್ಕದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ನನಗೆ ಅಂದೇ ತಿಳಿಯಬೇಕಿತ್ತು.

ನನ್ನ ತವರು ಮಾನ್ವಿ ತಾಲ್ಲೂಕಿನ ಕುರ್ಡಿ. ಅಲ್ಲಿ ನಮಗೆ ಸಂಗೀತ ಎಂದರೆ ಬೀಸುವಾಗ ನಮ್ಮವ್ವ ಹೇಳುವ ಪದ. ನಮ್ಮವ್ವನ ದನಿ ಬೀಸುಕಲ್ಲಿಗಿಂತ ಒರಟು. ಕಲ್ಲು ನಿಂತ ಮೇಲೂ ಹಿಟ್ಟು ಬೀಳುತ್ತಿದೆ ಎಂದೇ ನಮಗೆ ಅನಿಸುತ್ತಿತ್ತು. ನಮ್ಮಪ್ಪನಿಗೆ ಎತ್ತಿನ ಹುಚ್ಚು. ಮಾನ್ವಿ ಸಂತೆಗೆ ಹೋಗುವುದು, ಕಂಡವರ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವುದು, ಮೈಮೇಲೆ ಸುಳಿ ಎಲ್ಲೆಲ್ಲಿವೆ ಎಂದು ಕೂದಲು ಸವರಿ ಹುಡುಕುವುದು, ಏನೂ ಕೊಳ್ಳದೆ ಮನೆಗೆ ಬರುವುದು. ನನ್ನನ್ನು ನೋಡಲು ಗಂಡಿನವರು ಬಂದ ದಿನವೂ ಅದೇ ಚಾಳಿ. ಗಂಡು ನಕ್ಕಾಗ ಬಗ್ಗಿ ಹಲ್ಲು ನೋಡಿ, "ಗಟ್ಟಿ ಅದಾನ, ಭಾಳ ದಿನ ದುಡೀತಾನ" ಎಂದು ನಮ್ಮವ್ವನ ಕಿವಿಯಲ್ಲಿ ಹೇಳಿದನಂತೆ. ಹಲ್ಲು ನೋಡಿದವನಿಗೆ ಬೆರಳು ನೋಡಬೇಕು ಎಂದು ಹೊಳೆಯಲಿಲ್ಲ.

ಬೆರಳು ಆಗ ಇದ್ದವು ಬಿಡಿ. ಹೋದದ್ದು ಆಮೇಲೆ. ಜಿನ್ನಿನ ಯಂತ್ರಕ್ಕೆ ಸಿಕ್ಕಿ ಬಲಗೈಯ ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ಮಾಲೀಕರು ಅಲ್ಲೇ ಗೇಟು ಕಾಯುವ ಕೆಲಸ ಕೊಟ್ಟರು. ಇದನ್ನು ಮೂಗೊರೆಸಿಕೊಂಡು ಹೇಳುವ ಅಗತ್ಯವಿಲ್ಲ. ಆಯಿತು, ಹೋಯಿತು. ಎಡಗೈಯಲ್ಲಿ ಉಣ್ಣಲು ನಾಚಿಕೆ ಎಂದರು, ಚಮಚ ತಂದುಕೊಟ್ಟೆ, ರೂಢಿಯಾಯಿತು. ಬೀಡಿ ಹಚ್ಚುವುದು ರೂಢಿಯಾಯಿತು. ಅದು ರೂಢಿಯಾಗದೆ ಇದ್ದಿದ್ದರೆ ಒಳ್ಳೆಯದಿತ್ತು.

ಪೇಟಿ ಮಾತ್ರ ರೂಢಿಯಾಗಲಿಲ್ಲ. ಪೇಟಿಯನ್ನು ತಿರುಗಿಸಿಟ್ಟು ಎಡಗೈಯಲ್ಲಿ ಬಾರಿಸಿ ನೋಡಿದರು. ಎಡಗೈಗೆ ಬೆರಳಿದ್ದವು, ಬುದ್ಧಿ ಇರಲಿಲ್ಲ. ಪೇಟಿಯ ಒಂದು ಮನೆ, ಅಂದರೆ ಒಂದು ಸ್ವರದ ಕೀಲಿ, ಒತ್ತಲು ಹೋಗಿ ಎರಡು ಒತ್ತುತ್ತಿತ್ತು. ಒಂದು ಸೋಮವಾರ ಗುಡಿಗೂ ಒಯ್ದರು. ಭಜನೆಯವರು ಸ್ವರ ತಪ್ಪಿದ ಕಡೆಯೆಲ್ಲ ತಾಳವನ್ನು ಜೋರಾಗಿ ಬಡಿದರು. ಬೈದಿದ್ದರೆ ಈ ಮನುಷ್ಯ ಹಟಕ್ಕಾದರೂ ಕಲಿಯುತ್ತಿದ್ದರು. ಮರ್ಯಾದೆ ಕೊಟ್ಟು ಕೆಡಿಸಿದರು. ಪೇಟಿ ಮನೆಗೆ ಬಂತು, ನನ್ನ ಹಳೆ ಸೀರೆ ಹೊದ್ದುಕೊಂಡು ಮೂಲೆ ಸೇರಿತು. ಆಮೇಲೆ ಸೋಮವಾರ ಸಂಜೆ ಗುಡಿಯ ತಾಳ ಕೇಳಿಸಿದ ಕೂಡಲೇ ಇವರು ಎದ್ದು ಕಿಟಕಿ ಮುಚ್ಚುತ್ತಿದ್ದರು. ರಾಯಚೂರಿನ ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಕೂರುವವನಿಗೆ ಏನಾಗಿದೆ ಎಂದು ಡಾಕ್ಟರನ್ನು ಕೇಳಬೇಕಿಲ್ಲ.

ಹೀಗೆ ವರ್ಷಗಳು ಹೋದವು. ನಾನು ಆಗ ಗಂಜಿನ, ಅಂದರೆ ಕಾಳಿನ ಮಾರುಕಟ್ಟೆಯ, ಹಮಾಲರಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದೆ. ಜೋಳದ ಚೀಲ ಇಡಲು ಮನೆಯಲ್ಲಿ ಜಾಗವಿಲ್ಲ, ಪೇಟಿ ಮೂಲೆ ಹಿಡಿದು ಕೂತಿದೆ. ಇತ್ತ ನಮ್ಮತ್ತೆ ಮಲಗುವ ಹೊರಸಿನ ತುಂಬ ತಿಗಣೆ. ವಾರಕ್ಕೊಮ್ಮೆ ಆ ಹೊರಸನ್ನು ಅಂಗಳಕ್ಕೆ ಎಳೆದು, ಕುದಿಯುವ ನೀರು ಸುರಿದು, ಬಿಸಿಲಲ್ಲಿ ಬಡಿಯುವುದು ನನ್ನ ಕೆಲಸ. ಬಡಿದಷ್ಟೂ ತಿಗಣೆಗಳು ಗಟ್ಟಿಯಾಗುತ್ತಿದ್ದವು. ನಾನೇ ಒಂದು ದಿನ ಹೇಳಿದೆ, "ಬಾರಿಸಂಗಿಲ್ಲ, ಮಾಡಂಗಿಲ್ಲ. ಆ ಪೇಟಿ ಖಾದರ ಸಾಬರಿಗೆ ಕೊಟ್ಟು ಅತ್ತಿಗೊಂದು ಕಬ್ಬಿಣದ ಮಂಚ ತರ್ರಿ."

ಗುರುವಾರ ದೇವದುರ್ಗದಿಂದ ನಮ್ಮಣ್ಣ ಬಂದಿದ್ದ. ಇವರು ಅವನನ್ನು ಕರೆದುಕೊಂಡು, ಮೊದಲು ಮಂಚ ನೋಡಿ ಬರುತ್ತೇವೆ ಎಂದು ಹೋದರು. ಹೊರಗೆ ಬಂಡಿಯ ಸದ್ದಾಗುತ್ತದೆ ಎಂದು ನಾನು ಕಾಯುತ್ತಿದ್ದೆ. ಬಂಡಿ ಬರಲಿಲ್ಲ. ಇವರು ಬಂದರು. ಎದೆಗೆ ಏನೋ ಅವುಚಿಕೊಂಡಿದ್ದರು, ಅದಕ್ಕೆ ದುಪ್ಪಟಿ ಸುತ್ತಿತ್ತು. ಯಾರದೋ ಕೂಸು ಎತ್ತಿಕೊಂಡು ಬಂದರೇನೋ ಎಂದು ನನಗೆ ಗಾಬರಿಯಾಯಿತು.

ಅಂಗಡಿಯಲ್ಲಿ ಏನು ನಡೆಯಿತು ಎಂಬುದನ್ನು ಆಮೇಲೆ ಖಾದರ ಸಾಬರೇ ಹೇಳಿದ್ದು. ಮಂಚ ನೋಡಲು ಹೋದವರು ಮಂಚದ ಮೇಲೆ ಮಲಗಿಸಿದ್ದ ಇದನ್ನು ನೋಡಿದರು. ಯಾವುದೋ ಬಂಗಲೆ ಖಾಲಿ ಮಾಡಿದಾಗ ಕುರ್ಚಿ, ಹಕ್ಕಿ ಪಂಜರದ ಜತೆ ಬಂದದ್ದಂತೆ. ಕರಿ ಮರದ ಹೊಟ್ಟೆ, ನಡುವೆ ದುಂಡನೆಯ ತೂತು, ಆರು ತಂತಿ. ಆ ಮನೆಯ ದೊರೆ ಅದನ್ನು ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು ಬಾರಿಸುತ್ತಿದ್ದ ಎಂದು ಅಡುಗೆಯವನು ಹೇಳಿದ್ದನಂತೆ. ಅದಕ್ಕಿಂತ ಹೆಚ್ಚು ಖಾದರ ಸಾಬರಿಗೂ ಗೊತ್ತಿಲ್ಲ. ಪೇಟಿ ಕೊಟ್ಟರೆ ಇದನ್ನಾದರೂ ಒಯ್ಯಿರಿ, ಮಂಚವನ್ನಾದರೂ ಒಯ್ಯಿರಿ ಎಂದರು.

ನಮ್ಮಣ್ಣನಿಗೆ ಎತ್ತಿನ ವ್ಯಾಪಾರ ಬಿಟ್ಟು ಬೇರೆ ವ್ಯಾಪಾರ ಬಾರದು. ದೇವದುರ್ಗದ ದನದ ಸಂತೆಯಲ್ಲಿ ದಲ್ಲಾಳಿಗಳು ಬಾಯಿಬಿಟ್ಟು ದರ ಹೇಳುವುದಿಲ್ಲ. ಕೈಮೇಲೆ ಟವಲು ಮುಚ್ಚಿ, ಒಳಗೆ ಎದುರಿನವನ ಬೆರಳು ಹಿಡಿದು ಹೇಳುತ್ತಾರೆ. ಯಾವ ಬೆರಳು ಹಿಡಿದರೆ ಎಷ್ಟು ಎಂಬುದು ಅವರವರಿಗೇ ಗೊತ್ತು. ಇವನು ಖಾದರ ಸಾಬರ ಕೈಮೇಲೆ ಟವಲು ಹಾಕಿ ಬೆರಳು ಹಿಡಿದೇಬಿಟ್ಟ. ಸಾಬರು ಬೆಚ್ಚಿಬಿದ್ದರು.

"ಕ್ಯಾ ಮಾಸ್ತರ್, ನಿಮ್ಮ ಮೆಹಮಾನ್ ನನ್ನ ಕೈ ಕೈಕು ಹಿಡಿತಾರ? ನಾಡಿ ನೋಡ್ತಾರೇನು?"

"ಪೇಟಿಗೆ ಗಿಟಾರು ಸಮ ಆಗಂಗಿಲ್ಲ ಅಂತ ಹೇಳಾಕತ್ತೀನ್ರಿ" ಎಂದನಂತೆ ನಮ್ಮಣ್ಣ.

"ಬಾಯಿ ಅದ ಅಲ್ರೀ, ಬಾಯಿಲಿಂದ ಹೇಳ್ರಿ!"

ನಮ್ಮ ಮನೆಯವರನ್ನು ಅಣ್ಣ ಒಮ್ಮೆಯೂ ಸಂತೆಯ ವ್ಯಾಪಾರಕ್ಕೆ ಕರೆದೊಯ್ದಿಲ್ಲ. ಇವರ ಬಲಗೈ ಟವಲಿನೊಳಗೆ ಹೋದರೆ ಎದುರಿನವನು ಎತ್ತಿನ ದರ ತಿಳಿಯದೆ ಹುಚ್ಚನಾಗುತ್ತಾನೆ ಎಂದು ಅವನ ಅಂಬೋಣ. ಇವರ ಮುಂದೆಯೇ ಹೇಳುತ್ತಾನೆ. ಇವರೂ ನಗುತ್ತಾರೆ. ಭಾವ, ಮೈದುನ ಅಂದಮೇಲೆ ಅಷ್ಟು ಇರುತ್ತದೆ.

ಕೊನೆಗೆ ಅಣ್ಣನೇ ಒಂದು ಕರಾರು ಹಾಕಿದ. ಹೊಸ ಎತ್ತನ್ನು ಮನೆಗೆ ಒಯ್ದು ಕಟ್ಟಿ ನೋಡುತ್ತಾರೆ. ನೇಗಿಲಿಗೆ ಹೂಡಿ, ಮೇವು ಹಾಕಿ, ಒದೆಯುತ್ತದೋ ಇಲ್ಲವೋ ನೋಡಿ ಆಮೇಲೆ ಮಾತು. ಅದೇ ರೀತಿ ಇದನ್ನೂ ಕಟ್ಟಿ ನೋಡುತ್ತೇವೆ. ಸೋಮವಾರ ಸಂಜೆ ನೀವು ಕೈಬಂಡಿ ತಗೊಂಡು ಬರ್ರಿ. ಪಸಂದಾದರೆ ಪೇಟಿ ಒಯ್ಯಿರಿ, ಇಲ್ಲದಿದ್ದರೆ ನಿಮ್ಮ ಎತ್ತು ಒಯ್ಯಿರಿ. ಸಾಬರು ತಲೆ ಕೆರೆದುಕೊಂಡು ಒಪ್ಪಿದರು.

ಇಷ್ಟೆಲ್ಲ ನನಗೆ ಆಗ ಗೊತ್ತಿಲ್ಲ. ನನಗೆ ಕಂಡದ್ದು ಹಳೆ ಮರ. ಹಳೆ ಮರ ಎಂದರೆ ತಿಗಣೆ.

"ಹೊಸ್ತಿಲ ದಾಟಿಸಬ್ಯಾಡ್ರಿ ಅದನ್ನ. ಅಂಗಳದಾಗ ಇಡ್ರಿ, ನೀರು ಕುದ್ಯಾಕ ಇಟ್ಟೀನಿ."

"ಯಾಕಬೇ, ಇದಕ ಸ್ನಾನ ಮಾಡಸ್ತಿ ಏನು?"

"ಹೊರಸಿಗಿ ಮಾಡಸ್ತೀನಲ್ಲ, ಹಂಗ. ಸಂದಿಗೆಲ್ಲ ಕುದಿನೀರು ಬೀಳಬೇಕು."

ಇವರು ಅದನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡರು. ನಾನು ತಪೇಲಿ ಹಿಡಿದು ಒಂದು ಹೆಜ್ಜೆ ಮುಂದೆ ಬಂದರೆ ಇವರು ಒಂದು ಹೆಜ್ಜೆ ಹಿಂದೆ. ಅಂಗಳದಲ್ಲಿ ಒಂದು ಸುತ್ತಾಯಿತು. ಕೊನೆಗೆ ನಮ್ಮತ್ತೆ ಹೊರಸಿನ ಮೇಲಿಂದಲೇ ತೀರ್ಪು ಕೊಟ್ಟರು, "ಬೇವಿನ ಹೊಗಿ ಹಾಕವ್ವಾ, ಸಾಕು." ಕೆಂಡದ ಮೇಲೆ ಬೇವಿನ ಎಲೆ ಹಾಕಿ, ಅದರ ಹೊಟ್ಟೆಯ ತೂತನ್ನು ಹೊಗೆಗೆ ಹಿಡಿದೆ. ನೋಡಿರಿ, ಒಂದೇ ಒಂದು ತಿಗಣೆ ಮೆಲ್ಲಗೆ ಹೊರಗೆ ಬಂತು. ಬಂಗಲೆಯ ತಿಗಣೆ, ನಮ್ಮವುಗಳಿಗಿಂತ ದಪ್ಪ. ನಾನು ಅದನ್ನು ಇವರಿಗೆ ತೋರಿಸಿದೆ. ಇವರು ಆಕಾಶ ನೋಡಿದರು.

ಶುಕ್ರವಾರ ಅಣ್ಣ ಗಿಟಾರನ್ನು ಅಂಗಳದಲ್ಲಿಟ್ಟು ಪರೀಕ್ಷೆ ಮಾಡಿದ. ಬೆನ್ನು ಸವರಿದ, ಹೊಟ್ಟೆ ತಟ್ಟಿದ, ತೂತಿನೊಳಗೆ ಇಣುಕಿದ. ಹಿಂದಿನ ಮರದಲ್ಲಿ ಒಂದು ಗಂಟು ಇತ್ತು.

"ತಂಗೀ, ಇಲ್ಲೊಂದು ಸುಳಿ ಅದ. ಕೆಟ್ಟ ಸುಳಿ. ಇಂಥಾ ಸುಳಿ ಇದ್ದ ಎತ್ತು ಮನಿಗಿ ಬಂದ್ರ ಮನಿ ಯಜಮಾನ ಮಾತು ಬಿಡ್ತಾನ ಅಂತಾರ."

"ಹಂಗಾದ್ರ ಚಲೋ ಆತು, ಇರಲಿ ಬಿಡು" ಎಂದೆ.

ಅವನು ನಗಲಿಲ್ಲ. ತಂತಿಯ ಕೆಳಗೆ ಬೆರಳು ತೂರಿಸಿ ತೋರಿಸಿದ. "ನಗಬ್ಯಾಡ. ಇಲ್ಲಿ ನೋಡು. ತಂತಿ ಕುತ್ತಿಗಿ ಬಿಟ್ಟು ಎಷ್ಟು ಮ್ಯಾಲ ಎದ್ದಾವ. ಕೆಳಗ ಇಲಿ ಓಡ್ಯಾಡತದ. ಕುತ್ತಿಗಿ ಬಾಗ್ಯಾದ ಇದರದು. ನೊಗ ಹೊರಂಗಿಲ್ಲ."

ಅದು ನಿಜವೇ ಅನಿಸಿತು. ನಮ್ಮ ಮನೆಯವರು ಎಡಗೈ ಬೆರಳಿನಿಂದ ತಂತಿಯನ್ನು ಮರಕ್ಕೆ ತಾಗುವಂತೆ ಒತ್ತಲು ನೋಡಿದರು. ಒತ್ತಿದರೆ ಬೆರಳು ಕೊಯ್ಯುತ್ತದೆ, ಬಿಟ್ಟರೆ ಟೊಂಯ್ ಎನ್ನುತ್ತದೆ. ಸಿನೆಮಾ ಪೋಸ್ಟರಿನ ಹುಡುಗರಂತೆ ಎದೆಗೆ ಒರಗಿಸಿಕೊಂಡು ನೋಡಿದರು, ನಿಲ್ಲಿಸಿ ನೋಡಿದರು. ಮಡಿಲಲ್ಲಿ ಮಲಗಿಸಿಕೊಂಡು ಮೇಲಿನಿಂದ ಬಗ್ಗಿ ನೋಡಿದರು. ಸಂಜೆಯ ಹೊತ್ತಿಗೆ ಎಡಗೈಯ ಬೆರಳುಗಳ ತುದಿಗಳು ಕೆಂಪಾಗಿದ್ದವು. ಉಳಿದ ಬೆರಳನ್ನೂ ಈ ಕಟ್ಟಿಗೆ ನುಂಗುತ್ತದೆ ಎಂದೆ. ಇವರು ಗಿಟಾರನ್ನು ಅತ್ತೆಯ ಹೊರಸಿನ ಮೇಲೆ ಮಲಗಿಸಿ, ರಾತ್ರಿ ಪಾಳಿಗೆ ಜಿನ್ನಿಗೆ ಹೋದರು. ಅಣ್ಣ "ಸೋಮವಾರ ಬರ್ತೀನಿ, ವಾಪಸ್ ಮಾಡೋಣ" ಎಂದು ದೇವದುರ್ಗದ ಬಸ್ಸು ಹತ್ತಿದ. ನಾನೂ ಮನಸ್ಸಿನಲ್ಲಿ ಕಬ್ಬಿಣದ ಮಂಚಕ್ಕೆ ಹೊರಸಿನ ಜಾಗ ಅಳೆದಿಟ್ಟೆ.

ಈಗ ನಮ್ಮತ್ತೆಯ ವಿಷಯ. ಅವರ ತವರು ದೇವದುರ್ಗದ ಕಡೆ. ಅವರಿಗೆ ಊಟ ತಡವಾದರೆ ನಡೆಯುತ್ತಿತ್ತು, ಎಲೆ ಅಡಿಕೆ ತಡವಾದರೆ ಮನೆ ನಡುಗುತ್ತಿತ್ತು. ಹಲ್ಲು ಹೋಗಿ ಎಷ್ಟೋ ಕಾಲವಾಗಿತ್ತು, ಕಣ್ಣೂ ಮಬ್ಬು. ಕುಟ್ಟಾಣಿ ಅವರ ತಾಯಿ ಕೊಟ್ಟದ್ದು. ತಾಯಿಗೂ ಹಲ್ಲಿರಲಿಲ್ಲ. ಆ ಸಲಾಕೆ ಎರಡು ತಲೆಮಾರಿನ ಅಂಗೈಯಲ್ಲಿ ಉಜ್ಜಿ ಉಜ್ಜಿ ಕನ್ನಡಿಯಂತಾಗಿತ್ತು. ಅದರ ಮೇಲೆ ನೊಣ ಕೂತರೆ ಜಾರುತ್ತಿತ್ತು. ಬಟ್ಟಲು ಎಲ್ಲಿ ಬೇಕಾದರೂ ಬಿದ್ದಿರಲಿ, ಸಲಾಕೆ ಮಾತ್ರ ಅವರ ಸೊಂಟದಲ್ಲಿ ಸಿಕ್ಕಿಸಿರುತ್ತಿತ್ತು.

ಶನಿವಾರ ಮಧ್ಯಾಹ್ನ ಇವರು ಪಾಳಿ ಮುಗಿಸಿ ಬಂದು ಒಳಗೆ ಮಲಗಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಹೊರಸಿನ ಮೇಲೆ ಕೂತು ಅಡಿಕೆ ಕುಟ್ಟಿ, ಸುಣ್ಣದ ಡಬ್ಬಿಗೆಂದು ಕೈಚಾಚಿದರು. ಹೊರಸಿನ ಪಟ್ಟಿ ಎಂದುಕೊಂಡು ಸಲಾಕೆಯನ್ನು ಪಕ್ಕದಲ್ಲಿದ್ದ ಗಿಟಾರಿನ ತಂತಿಗಳ ಮೇಲೆ ಇಟ್ಟರು. ಸೆರಗು ತಂತಿಗೆ ತಾಗಿತು, ಸಲಾಕೆ ಜಾರಿತು.

ಆ ಸದ್ದನ್ನು ಬರೆದು ತೋರಿಸಲು ನನಗೆ ಬಾರದು. ಜಿನ್ನಿನ ಭೋಂಗಾ ದೂರದಿಂದ ಕೂಗಿ, ಸಮೀಪ ಬಂದು, ಹೆಂಗಸಿನ ದನಿಯಾಗಿ ನಿಂತಂತೆ. ಅತ್ತೆ "ಯವ್ವಾ, ಯಾರಬೇ ಅದು ಅಳಾಕತ್ತಾರ?" ಎಂದು ಕೂಗಿದರು. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. ನನ್ನ ಕೈಯ ರೊಟ್ಟಿ ಹರಿಯಿತು. ಒಳಗಿನಿಂದ ಇವರು ಪಂಚೆ ಸಂಬಾಳಿಸಿಕೊಳ್ಳುತ್ತ ಓಡಿ ಬಂದರು.

"ಏನ್ ಮಾಡಿದಿ ಯವ್ವಾ? ಮತ್ತೊಮ್ಮೆ ಮಾಡು!"

"ನಾ ಏನ್ ಮಾಡೇನೋ ಯಪ್ಪಾ? ಸುಣ್ಣ ತಗೋಳಾಕ ಹೋಗಿದ್ದೆ."

ಇವರು ಗಿಟಾರನ್ನು ಮಡಿಲಿಗೆಳೆದುಕೊಂಡರು. ಎಡಗೈಯಲ್ಲಿ ಸಲಾಕೆ ಹಿಡಿದು ತಂತಿಯ ಮೇಲೆ ಮೆಲ್ಲಗೆ ಇಟ್ಟರು, ಒತ್ತಲಿಲ್ಲ. ಬಲಗೈಯ ಹೆಬ್ಬೆರಳಿನಿಂದ ತಂತಿ ಮೀಟಿ, ಸಲಾಕೆಯನ್ನು ಒಂದಿಷ್ಟು ಮುಂದೆ ಸರಿಸಿದರು. ಸ್ವರ ಅಲ್ಲಿಂದ ಇಲ್ಲಿಗೆ ನಡೆದುಕೊಂಡು ಬಂತು. ತಂತಿ ಮೇಲೆ ಎದ್ದದ್ದು ಅದಕ್ಕೇ. ಕುತ್ತಿಗೆ ಬಾಗಿರಲಿಲ್ಲ, ಬಂಗಲೆಯ ದೊರೆಯ ಸಲಾಕೆ ಎಲ್ಲೋ ಕಳೆದಿತ್ತು ಅಷ್ಟೆ. ಎಡಗೈಗೆ ಬೆರಳಾಡಿಸುವ ಬುದ್ಧಿ ಬೇಕಿಲ್ಲ, ಒಂದು ಕಬ್ಬಿಣ ಹಿಡಿದು ಸರಿಸಿದರೆ ಸಾಕು. ಬಲಗೈಗೆ ಹೆಬ್ಬೆರಳು ಒಂದು ಇದ್ದರೆ ಸಾಕು. ಇವರ ಹತ್ತಿರ ಅವೆರಡೂ ಇದ್ದವು.

ಇವರು ನನ್ನ ಕಡೆ ನೋಡಿದರು. ನಾನು ರೊಟ್ಟಿಯ ಕಡೆ ನೋಡಿದೆ. ರೊಟ್ಟಿ ಹೊತ್ತುತ್ತಿತ್ತು.

ಅಂದು ಸಂಜೆ ಎಷ್ಟೋ ವರ್ಷದ ಮೇಲೆ ಪೇಟಿಯ ಮೇಲಿನ ನನ್ನ ಹಳೆ ಸೀರೆ ತೆಗೆದರು. ಬಾರಿಸಲು ಅಲ್ಲ, ಪೇಟಿಯ ಒಂದೊಂದು ಮನೆ ಹೆಬ್ಬೆರಳಿನಿಂದ ಒತ್ತಿ, ಆ ಸ್ವರಕ್ಕೆ ಗಿಟಾರಿನ ಕಿವಿ ಹಿಂಡಿ ತಂತಿ ಹೊಂದಿಸಲು. ಹೊರಹೋಗುವ ಹಿರಿಯ ನೌಕರ ಹೊಸಬನಿಗೆ ಕೆಲಸ ತೋರಿಸಿದ ಹಾಗಿತ್ತು. ಆ ಸೀರೆ ಚೆನ್ನಾಗಿಯೇ ಇತ್ತು, ಇಷ್ಟು ದಿನ ಸುಮ್ಮನೆ ಪೇಟಿಗೆ ಉಡಿಸಿದ್ದೆ ಎಂದು ನನಗೆ ಹೊಟ್ಟೆ ಉರಿಯಿತು.

ಆದರೆ ಮನೆಯಲ್ಲಿ ಸಲಾಕೆ ಒಂದೇ. ಜಗಳ ಅಲ್ಲಿಂದ ಶುರು. ಭಾನುವಾರ ಇಡೀ ದಿನ ಹೀಗೆ ನಡೆಯಿತು: ಇವರು ಒಂದು ಪದದ ಅರ್ಧಕ್ಕೆ ಬಂದಿರುತ್ತಾರೆ, ಹೊರಸಿನ ಮೇಲಿಂದ ಕೈ ಚಾಚುತ್ತದೆ.

"ತಾ ಇಲ್ಲಿ ನನ್ನ ಸಲಾಕಿ."

"ಒಂದು ಸಾಲು ಉಳದದ ಯವ್ವಾ."

"ನಿನ್ನ ಸಾಲು ಎಲ್ಲಿಗೂ ಓಡಿ ಹೋಗಂಗಿಲ್ಲ. ನನ್ನ ಬಾಯಿ ಒಣಗಾಕತ್ತದ."

ಅವರು ಕುಟ್ಟಿ ಮುಗಿಸುವ ತನಕ ಇವರು ಪಕ್ಕದಲ್ಲೇ ಕೂತು ಕಾಯುವುದು. ಸಲಾಕೆ ಮರಳಿ ಬರುವಾಗ ಅದಕ್ಕೆ ಅಡಿಕೆಯ ಚೂರು, ಸುಣ್ಣ. ಒರೆಸದೆ ಬಾರಿಸಿದರೆ ಸ್ವರ ಕರಕರ ಎನ್ನುತ್ತದೆ. ತಂತಿಗಳು ಕೆಂಪಾದವು. ಗಿಟಾರಿಗೂ ಎಲೆ ಅಡಿಕೆ ಚಟ ಹತ್ತಿತು ಎಂದು ಪಕ್ಕದ ಮನೆಯವರು ನಕ್ಕರು.

ಬೇರೆ ಕಬ್ಬಿಣ ಹುಡುಕಲಿಲ್ಲವೇ ಎಂದು ಕೇಳುತ್ತೀರಿ. ಹುಡುಕಿದರು. ಜಿನ್ನಿನಿಂದ ಒಂದು ಬೋಲ್ಟು ತಂದರು, ಅದು ತಂತಿ ಕೆರೆಯಿತು. ಸೋಡಾ ಬಾಟಲಿ ಇಟ್ಟು ನೋಡಿದರು, ಹಗುರ, ಕೀಂ ಎಂದಿತು. ಸೋಮವಾರ ಬೆಳಿಗ್ಗೆ ನಾನು ಗಂಜಿನ ಮಾರುಕಟ್ಟೆಗೆ ಹೋದಾಗ ಹಿತ್ತಿಲ ಬಾಗಿಲ ಚಿಲಕವನ್ನೇ ಕಳಚಿ ಬಾರಿಸಿ ನೋಡಿದ್ದಾರೆ. ಅದೂ ಆಗಲಿಲ್ಲ, ಮತ್ತೆ ಹಾಕಲು ಮರೆತರು. ನಾನು ಬರುವಷ್ಟರಲ್ಲಿ ಮೇಕೆಯೊಂದು ಅಡುಗೆಮನೆಯಲ್ಲಿ ನಿಂತು ಸಂಜೆಯ ರೊಟ್ಟಿ ತಿನ್ನುತ್ತಿತ್ತು. ಇವರು ಆಚೆ ಕೋಣೆಯಲ್ಲಿ ಕಣ್ಣು ಮುಚ್ಚಿ ಬಾರಿಸುತ್ತಿದ್ದರು. ಬಾಗಿಲಿಗೆ ಚಿಲಕವಿಲ್ಲ, ಬುಟ್ಟಿಯಲ್ಲಿ ರೊಟ್ಟಿಯಿಲ್ಲ, ಮನೆಯಲ್ಲಿ ಸಂಗೀತ. ಅಂದು ನಾನು ಏನೇನು ಬೈದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಮೊಮ್ಮಕ್ಕಳು ಓದುತ್ತಾರೆ.

ಸೋಮವಾರ ಸಂಜೆ ಆಯಿತು. ಖಾದರ ಸಾಬರು ಕೈಬಂಡಿ ತಂದು ಬಾಗಿಲಲ್ಲಿ ನಿಲ್ಲಿಸಿದರು. ದೇವದುರ್ಗದ ಬಸ್ಸಿಗೆ ಅಣ್ಣನೂ ಬಂದ, ಹೆಗಲ ಮೇಲೆ ಟವಲು. ಇಬ್ಬರಿಗೂ ಚಹಾ ಕೊಟ್ಟೆ. ಸಾಬರು ಪೇಟಿ ತೆರೆದು, ತಿದಿ ಒತ್ತಿ, ಬೆಳ್ಳಗಿನ ಮನೆಗಳನ್ನೆಲ್ಲ ಎಣಿಸುವವರಂತೆ ನೋಡಿದರು. ಅಣ್ಣ ಗಿಟಾರು ಈಗಾಗಲೇ ಬಂಡಿಯ ಮೇಲಿದೆ ಎಂಬಂತೆ ಮಾತಾಡತೊಡಗಿದ.

"ಕುತ್ತಿಗಿ ಬಾಗಿದ ಮಾಲು ಕೊಟ್ಟೀರಲ್ರೀ ಸಾಬರ. ನಮ್ಮ ಸಂತ್ಯಾಗ ಇಂಥಾದು ನಡೆಯಂಗಿಲ್ಲ."

"ತಡಿರಿ" ಎಂದರು ನಮ್ಮ ಮನೆಯವರು.

ನೆಲದ ಮೇಲೆ ಕೂತು ಗಿಟಾರನ್ನು ಮಡಿಲಲ್ಲಿ ಮಲಗಿಸಿಕೊಂಡರು. ಅತ್ತೆಯ ಕಡೆ ಕೈಚಾಚಿದರು. ಅತ್ತೆ ಸೊಂಟದಿಂದ ಸಲಾಕೆ ತೆಗೆದುಕೊಟ್ಟರು, "ಹಾಳು ಮಾಡಬ್ಯಾಡ" ಎಂದರು. ಗುಡಿಯಲ್ಲಿ ಹಾಡುವ ಹಳೆಯ ಪದ ಒಂದನ್ನು ಬಾರಿಸಿದರು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ: ಮೊದಲ ಸಾಲು ಚೀಲಕ್ಕೆ ಹಾಕಿದ ಬೆಕ್ಕಿನ ಹಾಗಿತ್ತು. ಅಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಎರಡನೆಯ ಸಾಲಿಗೆ ಬೆಕ್ಕು ಸುಮ್ಮನಾಯಿತು. ಮೂರನೆಯ ಸಾಲಿನಲ್ಲಿ ಎಳೆದು ಹಾಡುವ ಜಾಗ ಒಂದಿದೆ. ಪೇಟಿಯಲ್ಲಿ ಆ ಎಳೆತ ಬರುತ್ತಿರಲಿಲ್ಲ, ಪೇಟಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ಇದು ಜಾರಿ ಇಳಿಯಿತು. ಹೊರಸಿನ ಮೇಲೆ ಅತ್ತೆ ಬೊಚ್ಚು ಬಾಯಲ್ಲಿ ಪದದ ಮಾತು ಹೇಳತೊಡಗಿದರು. ಹಲ್ಲಿಲ್ಲದೆ ಅರ್ಧ ಅಕ್ಷರ ಹೋಗುತ್ತಿದ್ದವು. ಗಿಟಾರು ಉಳಿದದ್ದನ್ನು ತುಂಬಿತು.

ಅಷ್ಟರಲ್ಲಿ ಗುಡಿಯ ಕಡೆಯಿಂದ ತಾಳ ಶುರುವಾಯಿತು. ಎಲ್ಲರೂ ಕಿಟಕಿಯ ಕಡೆ ನೋಡಿದೆವು. ಇವರು ಏಳಲಿಲ್ಲ. ಆ ತಾಳಕ್ಕೇ ಹೊಂದಿಸಿಕೊಂಡು ಬಾರಿಸಿದರು.

ಬಾರಿಸುವುದು ಮುಗಿಯಿತು. ಮಾತಾಡಬೇಕಾದವಳು ನಾನು ಎಂದು ಎಲ್ಲರೂ ನನ್ನ ಮುಖ ನೋಡಿದರು. ಗಂಡಸರು ದೊಡ್ಡ ತೀರ್ಮಾನವನ್ನೆಲ್ಲ ತಾವೇ ಮಾಡುತ್ತಾರೆ, ಅದು ಕೆಟ್ಟರೆ ಯಾರನ್ನು ಬೈಯಬೇಕು ಎಂದು ಮೊದಲೇ ನೋಡಿಟ್ಟುಕೊಳ್ಳುತ್ತಾರೆ.

"ಪೇಟಿ ಒಯ್ರಿ ಸಾಬರ" ಎಂದೆ. "ಇದನ್ನ ಗ್ವಾಡಿಗಿ ತೂಗಹಾಕಬಹುದು. ಮೂಲ್ಯಾಗ ನನ್ನ ಜೋಳದ ಚೀಲ ಕುಂದರತದ."

ಇವರ ಮುಖದಲ್ಲಿ ನಗು ಬಂತು. ಬಂದದ್ದು ಅಲ್ಲೇ ನಿಂತಿತು. ಯಾಕೆಂದರೆ ಅತ್ತೆ ಕೈ ಚಾಚಿ, ಮಗನ ಕೈಯಿಂದ ಸಲಾಕೆ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಯವ್ವಾ" ಎಂದರು ಇವರು.

"ನಮ್ಮವ್ವ ಕೊಟ್ಟದ್ದಪಾ."

"ಬೇರೆ ರಾಡ್ ಹುಡಕಿ ಕೊಡ್ತೀನಿ, ಫಿಕರ್ ನಕ್ಕೋ ಅಮ್ಮಾ" ಎಂದರು ಖಾದರ ಸಾಬರು.

"ಹುಡಕ್ಯಾನ ಅಂವ. ಬಾಗಲ ಚಿಲಕಾ ಸೈತ ಬಿಟ್ಟಿಲ್ಲ" ಎಂದರು ಅತ್ತೆ.

ಅಣ್ಣ ಹೆಗಲ ಟವಲು ತೆಗೆದು ಅತ್ತೆಯ ಕೈಮೇಲೆ ಹಾಕಲು ಹೋದ. ಅತ್ತೆ ಅವನ ಕೈ ಬಡಿದು ಸರಿಸಿದರು. ನಮ್ಮ ಮನೆಯವರು ಗಿಟಾರನ್ನು ಮಡಿಲಿಂದ ಇಳಿಸಿ, ದುಪ್ಪಟಿ ಸುತ್ತಲು ಶುರು ಮಾಡಿದರು. ತಾಯಿಯ ಹತ್ತಿರ ಜಗಳ ಮಾಡುವ ಜಾತಿಯಲ್ಲ. ದುಪ್ಪಟಿಯ ತುದಿ ಸಿಗದೆ ಬಲಗೈಯ ಆ ಎರಡು ಬೆರಳು ತಡಕಾಡುತ್ತಿದ್ದವು. ಗುಡಿಯಲ್ಲಿ ತಾಳ ನಡೆದೇ ಇತ್ತು. ಅತ್ತೆಗೆ ಆ ಬೆರಳುಗಳ ತಡಕಾಟ ಕಂಡಿತೋ ಇಲ್ಲವೋ, ಅವರ ಕಣ್ಣು ಅಷ್ಟಕ್ಕಷ್ಟೆ.

"ಕೊಡ್ತೀನಿ" ಎಂದರು ಅತ್ತೆ. "ಆದ್ರ ನನ್ನ ಎಲಿ ಅಡಿಕಿ ನಿನ್ನ ಹೇಣ್ತಿ ಅಗದು ಕೊಡಬೇಕು."

ಅಣ್ಣ ಹೋ ಎಂದು ನಕ್ಕ. ಸಾಬರು ಚಹಾ ಕಪ್ಪಿನೊಳಗೆ ನಕ್ಕರು. ಅತ್ತೆ ನಗಲಿಲ್ಲ. ನಾನೂ ನಗಲಿಲ್ಲ.

"ಅಗದು ಕೊಡಂಗಿಲ್ಲ" ಎಂದೆ. "ಕಲ್ಲಾಗ ಕುಟ್ಟಿ ಕೊಡ್ತೀನಿ."

"ಖಾರ ಕುಟ್ಟೋ ಕಲ್ಲಾಗೇನು? ಬಳ್ಳೊಳ್ಳಿ ವಾಸನಿ ಬರ್ತದ."

"ತೊಳದು ಕುಟ್ಟತೀನಿ."

"ದಿನಾ?"

"ದಿನಾ."

"ಎಷ್ಟು ಸಲ ಕೇಳತೀನೋ ಅಷ್ಟು ಸಲ?"

ಆ ಪ್ರಶ್ನೆ ದೊಡ್ಡದು. ಅವರು ಎಷ್ಟು ಸಲ ಕೇಳುತ್ತಾರೆ ಎಂಬುದು ನನಗೆ ಗೊತ್ತಿತ್ತು, ನಿಮಗೆ ಗೊತ್ತಿಲ್ಲ. ಇವರು ದುಪ್ಪಟಿಯನ್ನು ಅರ್ಧಕ್ಕೆ ಹಿಡಿದು ನನ್ನನ್ನೇ ನೋಡುತ್ತಿದ್ದರು. ಸೋಮವಾರ ಬಂದರೆ ಕಿಟಕಿ ಮುಚ್ಚುವ ಮನುಷ್ಯನ ಜತೆ ಇನ್ನೊಂದು ಬೇಸಿಗೆ ಕಳೆಯಲು ನನಗೆ ಆಗುತ್ತಿರಲಿಲ್ಲ. ಸೆಕೆಯ ಮಾತು ಹೇಳುತ್ತಿದ್ದೇನೆ.

"ಹೂಂ" ಎಂದೆ.

ಅತ್ತೆ ಸಲಾಕೆ ತೆಗೆದು ಮಗನ ಕೈಗಿಟ್ಟರು. ಅವರು ಅದನ್ನು ಹಣೆಗೆ ಒತ್ತಿಕೊಳ್ಳಲು ಹೋದರು. "ಸುಣ್ಣ ಅದ ಅದಕ, ಒರಸು ಮೊದಲ" ಎಂದರು ಅತ್ತೆ.

ಪೇಟಿಯನ್ನು ಎತ್ತಿ ಬಂಡಿಗಿಡುವಾಗ ಅದು ಉಸ್ ಎಂದಿತು. "ನೋಡ್ರಿ ಭಾವಾರ, ಪೇಟಿ ಅಳಾಕತ್ತದ" ಎಂದ ಅಣ್ಣ. ತಿದಿ ತೂತು ಬಿದ್ದ ಪೇಟಿ ಉಸ್ ಎನ್ನದೆ ಇನ್ನೇನು ಅಂದೀತು. ಅದರ ಮೇಲೆ ಹೊದಿಸಿ ಕಳಿಸಲು ಸಾಬರು ನನ್ನ ಹಳೆ ಸೀರೆ ಕೇಳಿದರು. ಕೊಡಲಿಲ್ಲ. ನಮ್ಮ ಮನೆಯವರು ಬಂಡಿ ತಿರುವು ದಾಟುವ ತನಕ ನಿಂತಿದ್ದು, ಆಮೇಲೆ ಗಿಟಾರು ಬಗಲಲ್ಲಿಟ್ಟುಕೊಂಡು ಗುಡಿಯ ಕಡೆ ನಡೆದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮರೆತಿದ್ದರು. ನಾನು ಕೂಗಲಿಲ್ಲ.

ಅತ್ತೆ ಆ ತಿಗಣೆಯ ಹೊರಸಿನ ಮೇಲೆಯೇ ಕೊನೆಯ ತನಕ ಮಲಗಿದರು, ನಾನು ವಾರ ವಾರ ಕುದಿನೀರು ಸುರಿದೆ. ಈಗ ಅವರಿಲ್ಲ. ತಂತಿಗಳನ್ನು ಎಷ್ಟೋ ಸಲ ಬದಲಿಸಿಯಾಗಿದೆ, ಆ ಮರ ಮಾತ್ರ ಇನ್ನೂ ಎಲೆ ಅಡಿಕೆಯ ವಾಸನೆ ಹೊಡೆಯುತ್ತದೆ. ಭಜನೆಯವರು ಅದನ್ನು ಭಕ್ತಿಯ ವಾಸನೆ ಎನ್ನುತ್ತಾರೆ. ಅನ್ನಲಿ.

ಆ ಸೋಮವಾರದ ಮರುದಿನ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಖಾರ ಕುಟ್ಟುವ ಕಲ್ಲನ್ನು ತೊಳೆದು, ಅತ್ತೆಯ ಎಲೆ, ಅಡಿಕೆ, ಸುಣ್ಣ ಹಾಕಿ, ಮೆತ್ತಗೆ ಕುಟ್ಟಿ ಅವರ ಅಂಗೈಗೆ ಇಟ್ಟೆ. ಬಾಯಿಗೆ ಹಾಕಿಕೊಂಡು, ಆ ದವಡೆಯಿಂದ ಈ ದವಡೆಗೆ ಆಡಿಸಿ, ಉಗುಳಿದರು.

"ಬಳ್ಳೊಳ್ಳಿ" ಎಂದರು.

ಕಲ್ಲಿಗೆ ಬೂದಿ ಹಚ್ಚಿ ತಿಕ್ಕಿದೆ, ಬಿಸಿಲಿಗಿಟ್ಟು ಒಣಗಿಸಿದೆ, ಮತ್ತೆ ಕುಟ್ಟಿದೆ.